ಬೈದವರು ಮೊದಲು ಬರೆಯಲಿ



ಈ ತಿಂಗಳ ಗೋಡೆ ಪತ್ರಿಕೆಯಲ್ಲಿ ‘ನನ್ನ ಅಭಿಪ್ರಾಯ’ ಬರೆಯುವ ಪಾಳಿ ನನಗೆ ಬಂದಿದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಪರೀಕ್ಷೆಯ ಪ್ರಬಂಧದ ಹಾಗೆ ಬರೆಯಬೇಡ, ನಿನಗೆ ಏನು ಅನ್ನಿಸುತ್ತದೋ ಅದನ್ನು ಬರಿ ಎಂದು ಕನ್ನಡ ಸರ್ ಹೇಳಿದ್ದರಿಂದ ಧೈರ್ಯ ಮಾಡಿ ಬರೆದಿದ್ದೇನೆ. ಒಂದು ಡ್ರಾಯಿಂಗ್ ಹಾಳೆಯಲ್ಲಿ ಮುಗಿಯಬೇಕಾಗಿತ್ತು, ನಾಲ್ಕು ಹಾಳೆ ಆಯಿತು. ಒಂಬತ್ತನೇ ತರಗತಿಯ ಹುಡುಗಿಯರು ಅಂಕಸಮುದ್ರ ಕೆರೆಯ ಹಕ್ಕಿಗಳ ಚಿತ್ರ ಬಿಡಿಸಿ ಇಟ್ಟಿದ್ದರು. ಆ ಜಾಗವನ್ನು ನನಗೆ ಬಿಟ್ಟುಕೊಟ್ಟು, ನಮ್ಮದು ಮುಂದಿನ ತಿಂಗಳು ಹಾಕ್ತೀವಿ ಬಿಡು ಅಂದರು.

ವಿಷಯ ಏನೆಂದರೆ, ಮುಂದಿನ ಜೂನ್ ತಿಂಗಳಿಂದ ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬರೂ ಒಂದು ‘ಕೃತಜ್ಞತಾ ಪುಸ್ತಕ’ ಇಡಬೇಕು ಎಂಬ ಮಾತು ನಡೆದಿದೆ. ದಿನಾ ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ ಕೂತು, ನಮಗೆ ಯಾರು ಯಾರು ಉಪಕಾರ ಮಾಡಿದ್ದಾರೆ ಎಂದು ಐದು ಸಾಲು ಬರೆಯುವುದು, ಶನಿವಾರ ಕೆಲವರು ಎಲ್ಲರ ಮುಂದೆ ಓದುವುದು, ಚೆನ್ನಾಗಿ ಬರೆದವರಿಗೆ ಅಂಕ ಕೊಡುವುದು. ಹೀಗೆ ಮಾಡಿದರೆ ಮಕ್ಕಳು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಬೈಯುವುದು, ಅಣಕಿಸುವುದು ಕಡಿಮೆ ಆಗುತ್ತದೆ ಎಂದು ಪಾಲಕರ ಸಭೆಯಲ್ಲಿ ಹೇಳಿದರಂತೆ. ನಮ್ಮಪ್ಪ ಮನೆಗೆ ಬಂದು, ಚಲೋ ಕೆಲಸ ಮಾಡಾಕತ್ತಾರ ನೋಡು ಅಂದ.

ನಾನು ಜೂನ್ ತಿಂಗಳಿಗೆ ಈ ಶಾಲೆಯಲ್ಲಿ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದರೆ ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಕಾಲೇಜಿಗೆ ಹೋಗುತ್ತೇನೆ. ಆದರೂ ಇದರ ಬಗ್ಗೆ ಬರೆಯುವುದಕ್ಕೆ ನನಗೆ ಒಂದು ಕಾರಣ ಇದೆ. ನಮ್ಮ ತರಗತಿಯಲ್ಲಿ ಹೋದ ವರ್ಷ ಇದೇ ಅಭ್ಯಾಸವನ್ನು ಎರಡು ಸಲ ಮಾಡಿಸಿದರು. ಒಂದು ಸಲ ಅದರಿಂದ ಕೆಟ್ಟದ್ದಾಯಿತು, ಇನ್ನೊಂದು ಸಲ ಒಳ್ಳೆಯದಾಯಿತು. ಎರಡೂ ಸಲ ನಡೆದದ್ದು ನನ್ನ ತಪ್ಪಿನ ಸಲುವಾಗಿ. ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂಬತ್ತನೇ ತರಗತಿಯಲ್ಲಿ ನಮ್ಮದೊಂದು ವಾಟ್ಸಾಪ್ ಗ್ರೂಪ್ ಇತ್ತು. 34 ಜನ. ನಾನೇ ಅಡ್ಮಿನ್. ಹೋಂವರ್ಕ್ ಕೇಳಲಿಕ್ಕೆ ಅಂತ ಮಾಡಿದ್ದು, ಹೋಂವರ್ಕ್ ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಬರುತ್ತಿತ್ತು. 2025ರ ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ರಾತ್ರಿ ನಾನು ನನ್ನ ಗೆಳೆಯನೊಬ್ಬನ ಫೋಟೋ ತೆಗೆದುಕೊಂಡು ಸ್ಟಿಕ್ಕರ್ ಮಾಡಿದೆ. ಅದು ಶಾಲಾ ವಾರ್ಷಿಕೋತ್ಸವದ ಫೋಟೋ. ಅದರಲ್ಲಿ ಅವನ ಅಂಗಿಯ ಹೆಗಲು ಹೊಲಿಗೆ ಬಿಚ್ಚಿತ್ತು. ಅವನ ಅಪ್ಪ ಅವ್ವ ಗುಳೆ ಹೋಗಿದ್ದರು, ಅವನು ಅಜ್ಜಿ ಹತ್ತಿರ ಇದ್ದ. ನಾನು ಫೋಟೋದ ಕೆಳಗೆ ‘ಗುಳೆ ಎಕ್ಸ್‌ಪ್ರೆಸ್’ ಎಂದು ಬರೆದು ಗ್ರೂಪಿಗೆ ಹಾಕಿದೆ. ಯಾಕೆ ಹಾಕಿದೆ ಎಂದು ಈಗ ಕೇಳಿದರೂ ಸರಿಯಾದ ಉತ್ತರ ಇಲ್ಲ. ಅವತ್ತು ಸಂಜೆ ವಾಲಿಬಾಲ್ ಆಟದಲ್ಲಿ ಸೋತಿದ್ದೆ, ಅವನು ನಕ್ಕಿದ್ದ, ಅಷ್ಟೇ. ಹನ್ನೊಂದು ಜನ ನಗುವ ಮುಖ ಹಾಕಿದರು. ಉಳಿದವರು ನೋಡಿ ಸುಮ್ಮನಿದ್ದರು. ಒಬ್ಬ ಮಾತ್ರ, ತೆಗಿಯೋ ಮಾರಾಯ ಅಂತ ಬರೆದಿದ್ದ, ಅವನಿಗೂ ಒಂದು ಸ್ಟಿಕ್ಕರ್ ಹಾಕಿದೆವು.

ಅವನು ಒಂಬತ್ತು ದಿನ ಶಾಲೆಗೆ ಬರಲಿಲ್ಲ.

ಗುಳೆ ಅಂದರೆ ಏನು ಅಂತ ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೋ, ಮಲೆನಾಡಿಗೆ ಕಾಫಿ ಕೊಯ್ಲಿಗೋ ನಮ್ಮ ಊರುಗಳಿಂದ ಹೋಗದ ಓಣಿ ಇಲ್ಲ. ನಮ್ಮ ದೊಡ್ಡಪ್ಪನೂ ಹೋಗಿದ್ದಾನೆ. ಅಂದರೆ ನಾನು ಅಣಕಿಸಿದ್ದು ನಮ್ಮ ಮನೆಯನ್ನೇ. ಅದು ನನಗೆ ಅವತ್ತು ಹೊಳೆಯಲಿಲ್ಲ.

ಸರ್ ಅವರಿಗೆ ವಿಷಯ ಗೊತ್ತಾಯಿತು. ಸ್ಟಿಕ್ಕರ್ ತೆಗೆಸಿದರು, ಗ್ರೂಪ್ ಮುಚ್ಚಿಸಿದರು. ಹೊಡೆಯಲಿಲ್ಲ. ಆಮೇಲೆ ಎಲ್ಲರೂ ಹಾಳೆ ತೆಗೆದು, ನಿಮಗೆ ಉಪಕಾರ ಮಾಡಿದ ಐದು ಜನಕ್ಕೆ ಧನ್ಯವಾದ ಬರೆಯಿರಿ ಎಂದರು. ಮನಸ್ಸು ಮೆತ್ತಗಾಗಲಿ ಎಂಬುದು ಅವರ ಉದ್ದೇಶ. ನಾವು ಏನು ಬರೆದೆವು ಗೊತ್ತೇ? ಹೆತ್ತ ತಂದೆತಾಯಿಗೆ ಧನ್ಯವಾದ. ವಿದ್ಯೆ ಕಲಿಸಿದ ಗುರುಗಳಿಗೆ ಧನ್ಯವಾದ. ಅನ್ನ ಕೊಡುವ ರೈತನಿಗೆ ಧನ್ಯವಾದ. ಗಡಿ ಕಾಯುವ ಸೈನಿಕನಿಗೆ ಧನ್ಯವಾದ. ಐದನೆಯದಕ್ಕೆ ಕೆಲವರು ಪರಿಸರ ಅಂತ ಬರೆದರು, ಕೆಲವರು ದೇವರು ಅಂತ ಬರೆದರು. ಪಕ್ಕದವನ ಹಾಳೆ ನೋಡಿ ಬರೆದವರೂ ಇದ್ದರು. ಆರು ನಿಮಿಷಕ್ಕೆ ಮುಗಿಯಿತು. ನನಗೆ ಒಂದು ಚೂರೂ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹತ್ತನೇ ದಿನ ಅವನು ಬಂದ. ಅವನ ಅಜ್ಜಿಯೇ ಗೇಟಿನ ತನಕ ಬಂದು ಬಿಟ್ಟು ಹೋದಳು. ಅವತ್ತು ಬೇರೆ ಒಬ್ಬ ಶಿಕ್ಷಕರು, ಎಲ್ಲರೂ ಬರೆದಿದ್ದಾರೆ, ನೀನೊಬ್ಬ ಬಿಟ್ಟಿದ್ದೀಯ, ನೀನೂ ಬರೆದು ಓದು ಎಂದರು. ಅವರಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ, ತಪ್ಪು ಅವರದಲ್ಲ. ಅವನು ಎದ್ದು ನಿಂತು ಓದಿದ. ಕೊನೆಯ ಸಾಲು, ‘ನನ್ನನ್ನು ನಗಿಸುವ ಗೆಳೆಯರಿಗೆ ಧನ್ಯವಾದಗಳು’ ಎಂದಿತ್ತು. ಯಾರೂ ನಗಲಿಲ್ಲ. ನಾನು ಕಿಟಕಿ ಕಡೆ ನೋಡಿದೆ.

ಇಲ್ಲಿಯೇ ನನ್ನ ಅಭಿಪ್ರಾಯ ಇರುವುದು. ಪೆಟ್ಟು ತಿಂದವನ ಕೈಯಲ್ಲಿ ಧನ್ಯವಾದ ಬರೆಸಬಾರದು. ಬರೆಸಿದರೆ ಅದು ಎರಡನೇ ಪೆಟ್ಟು ಆಗುತ್ತದೆ. ‘ಇರಲಿ ಬಿಡಪ್ಪ, ನಿನಗೆ ಒಳ್ಳೆಯದು ಮಾಡಿದವರೂ ಇದ್ದಾರಲ್ಲ, ಅವರನ್ನು ನೆನೆಸಿಕೋ’ ಎಂದು ಬಾಯಿ ಮುಚ್ಚಿಸಿದ ಹಾಗೆ. ಉಪಕಾರ ನೆನೆಯುವ ಕೆಲಸ ಇರುವುದು ಬೈದವನಿಗೆ. ಯಾಕೆಂದರೆ ಮರೆತಿರುವವನು ಅವನೇ.

ನಾನು ಏನು ಮರೆತಿದ್ದೆ ಎಂಬುದು ಎರಡನೇ ಸಲ ಗೊತ್ತಾಯಿತು. ಮುಂದಿನ ವಾರ ಕನ್ನಡ ಸರ್ ಎಲ್ಲ ಹಾಳೆಗಳನ್ನೂ ವಾಪಸು ಕೊಟ್ಟು, ಇದು ಬ್ಯಾಡ, ಒಬ್ಬರ ಹೆಸರು ಸಾಕು ಅಂದರು. ಆದರೆ ಆ ಒಬ್ಬರು ಈ ಶಾಲೆಯವರೇ ಆಗಿರಬೇಕು, ಯಾವ ದಿನ, ಏನು ಮಾಡಿದರು, ಅದು ಮಾಡದೆ ಇದ್ದರೆ ನಿನಗೆ ಏನಾಗುತ್ತಿತ್ತು, ಇಷ್ಟು ಬರೆಯಬೇಕು. ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ ಎಂದು ಹೇಳಿದರು. ನಾನು ಪೆನ್ನು ಹಿಡಿದು ಕೂತೆ. ಸೈನಿಕನನ್ನು ಬರೆಯುವ ಹಾಗಿರಲಿಲ್ಲ. ಹತ್ತು ನಿಮಿಷ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ಎಂಟನೇ ತರಗತಿಯಲ್ಲಿ ಇದ್ದಾಗ ಹುಣಸೇಹಣ್ಣು ಬಡಿಯಲಿಕ್ಕೆ ಹೋಗಿ ಮರದಿಂದ ಬಿದ್ದು ನನ್ನ ಕಾಲು ಮುರಿದಿತ್ತು. ಆರು ವಾರ ಪ್ಲಾಸ್ಟರ್. ನಮ್ಮ ಮನೆ ಹೊಲದ ಕಡೆ, ಶಾಲೆಗೆ ಎರಡೂವರೆ ಕಿಲೋಮೀಟರ್. ಎರಡು ವಾರ ಮನೆಯಲ್ಲಿ ಬಿದ್ದಿದ್ದೆ. ಮೂರನೇ ವಾರದಿಂದ ಅವನು ಅವರಣ್ಣನ ಹಳೇ ಸೈಕಲ್ ತಂದು ಹಿಂದೆ ಕೂರಿಸಿಕೊಂಡು ಒಯ್ದ. ಹೋಗುವಾಗ ಏರು, ಇಳಿದು ತಳ್ಳುತ್ತಿದ್ದ. ಪ್ಲಾಸ್ಟರಿನ ಕಾಲು ಚಕ್ರಕ್ಕೆ ತಾಗಬಾರದು ಅಂತ ಒಂದು ಗೋಣಿಚೀಲ ಕಟ್ಟಿದ್ದ. ಒಂದು ತಿಂಗಳು. ಅವನು ಬರದೆ ಇದ್ದಿದ್ದರೆ ನಾನು ಅರ್ಧವಾರ್ಷಿಕ ಪರೀಕ್ಷೆಗೆ ಕೂರುತ್ತಿರಲಿಲ್ಲ. ನಾನು ಬರೆಯುತ್ತಾ ಹೋದಂತೆ ಗೋಣಿಚೀಲದ ವಾಸನೆ ಸಹಿತ ನೆನಪಾಯಿತು. ಸ್ಟಿಕ್ಕರ್ ಮಾಡಿದ ರಾತ್ರಿ ಇದರಲ್ಲಿ ಒಂದೂ ನೆನಪಿರಲಿಲ್ಲ. ಹೆಗಲು ಹರಿದ ಅಂಗಿ ಒಂದೇ ಕಂಡಿತ್ತು.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದ್ದೇನೆ. ಹೆಸರು ಹಾಕಬ್ಯಾಡ, ಉಳಿದದ್ದು ಬರಿ ಅಂದ.

ಈಗ ಮೊಬೈಲ್ ವಿಷಯಕ್ಕೆ ಬರೋಣ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ನಮ್ಮ ಬ್ಯಾಚಿನವರು ಇನ್ನೂ ಚಿಕ್ಕವರು. ಆ ವರ್ಷ ವಿದ್ಯಾಗಮ ಅಂತ ಗುಡಿಕಟ್ಟೆ ಮೇಲೆ, ಮರದ ಕೆಳಗೆ ಪಾಠ ಆಯಿತು, ಅದೂ ಅಕ್ಟೋಬರದಲ್ಲಿ ನಿಂತಿತು. ಆಮೇಲೆ ಪಾಠ ಮೊಬೈಲಿಗೆ ಬಂತು. ಎಷ್ಟೋ ಮನೆಯಲ್ಲಿ ಮೇಕೆ ಮಾರಿ, ಸಂಘದ ಸಾಲ ತಂದು ಟಚ್ ಫೋನ್ ಕೊಂಡರು. ಪಾಠ ಶಾಲೆಗೆ ವಾಪಸು ಬಂತು, ಫೋನ್ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು. ಅದನ್ನು ಹೇಗೆ ಹಿಡಿಯಬೇಕು ಅಂತ ಯಾರೂ ಕಲಿಸಲಿಲ್ಲ. ಕಲಿಸುವವರಿಗೂ ಅದು ಹೊಸದೇ.

ಹಿರಿಯರು, ಫೋನ್ ಕಸಿದುಕೊಂಡರೆ ಎಲ್ಲ ಸರಿ ಹೋಗ್ತದೆ ಅನ್ನುತ್ತಾರೆ. ಆಸ್ಟ್ರೇಲಿಯಾ ದೇಶದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದವುಗಳಲ್ಲಿ ಖಾತೆ ಇಡುವಂತಿಲ್ಲ ಎಂಬ ಕಾನೂನು ಜಾರಿಗೆ ಬಂದಿದೆ. ಆದರೆ ಆ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ, ನಮ್ಮ ಜಗಳವೆಲ್ಲ ಇರುವುದು ವಾಟ್ಸಾಪಿನಲ್ಲಿ! ಇನ್ನೊಂದು ಮಾತು. ಫೋನ್ ಬರುವುದಕ್ಕೆ ಮುಂಚೆ ಯಾರೂ ಯಾರನ್ನೂ ಬೈಯುತ್ತಿರಲಿಲ್ಲವೇ? ನಮ್ಮ ಶಾಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಹೆಸರುಗಳು ಸುಣ್ಣದ ಕೆಳಗೆ ಇನ್ನೂ ಮಸುಕಾಗಿ ಕಾಣುತ್ತವೆ, ಅವು ನಮ್ಮಪ್ಪನ ಕಾಲದವು. ಆದರೆ ಒಂದು ವ್ಯತ್ಯಾಸ ಇದೆ. ಗೋಡೆಯ ಮೇಲೆ ಬರೆದದ್ದನ್ನು ಓದಬೇಕಾದರೆ ಗೋಡೆಯ ಹತ್ತಿರ ಬರಬೇಕು, ಬೆಳಿಗ್ಗೆ ಸುಣ್ಣ ಬಳಿದರೆ ಮುಗಿಯಿತು. ನಾನು ಹಾಕಿದ್ದು ಒಂದೇ ರಾತ್ರಿಯಲ್ಲಿ 34 ಮನೆಗೆ ಹೋಯಿತು. ಅಲ್ಲಿಂದ ಎಲ್ಲೆಲ್ಲಿಗೆ ಹೋಗಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೊಂದು ವ್ಯತ್ಯಾಸ, ಮುಖ ಕಾಣುವುದಿಲ್ಲ. ಜಾನ್ ಸ್ಯೂಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿಯೇ ಇದರ ಬಗ್ಗೆ ಬರೆದಿದ್ದಾರೆ ಎಂದು ವಿಜ್ಞಾನ ಮೇಡಂ ಹೇಳಿದರು. ಎದುರಿಗೆ ಇದ್ದಾಗ ಆಡದ ಮಾತನ್ನು ಜನ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಆಡುತ್ತಾರೆ. ಯಾಕೆಂದರೆ ಎದುರಿನವರ ಮುಖ ಕಾಣುವುದಿಲ್ಲ, ಉತ್ತರ ಕೂಡಲೇ ಬರುವುದಿಲ್ಲ, ಹಾಕಿಬಿಟ್ಟು ಮಲಗಬಹುದು. ನಾನೂ ಹಾಕಿಬಿಟ್ಟು ಮಲಗಿದೆ. ಗ್ರೂಪಿಗೆ ಹಾಕಿದ್ದನ್ನು ಅವನ ಮನೆ ಕಟ್ಟೆಯ ಮುಂದೆ, ಅವನ ಅಜ್ಜಿ ಕೇಳುವ ಹಾಗೆ ಕೂಗಿ ಹೇಳು ಅಂದಿದ್ದರೆ ಸತ್ತರೂ ಹೇಳುತ್ತಿರಲಿಲ್ಲ.

ಸಿನಿಮಾ ಹುಚ್ಚಿನ ಗೆಳೆಯರಿಗೆ ನಮ್ಮ ಜಿಲ್ಲೆಯದೇ ಒಂದು ಘಟನೆ ನೆನಪಿಸುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದನ್ನು ನೋಡಿ ರಾಜ್ಯದಲ್ಲಿ ಎಷ್ಟೋ ಸಾವಿರ ಜನ ನೇತ್ರದಾನಕ್ಕೆ ಹೆಸರು ಕೊಟ್ಟರು. ಹೊಸಪೇಟೆಯಲ್ಲಿ 2022ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಇದು ಅಭಿಮಾನಿಗಳು ಉಪಕಾರ ನೆನೆದ ರೀತಿ. ಅದೇ ಹೊಸಪೇಟೆಯಲ್ಲಿ, ಅದೇ 2022ರ ಡಿಸೆಂಬರ್ 18ರಂದು, ‘ಕ್ರಾಂತಿ’ ಚಿತ್ರದ ಹಾಡಿನ ಬಿಡುಗಡೆಗೆ ಬಂದಿದ್ದ ನಟ ದರ್ಶನ್ ಅವರ ಮೇಲೆ ಗುಂಪಿನಿಂದ ಚಪ್ಪಲಿ ಎಸೆದರು. ಅದಕ್ಕೆ ಮುಂಚೆ ಇಬ್ಬರೂ ನಟರ ಅಭಿಮಾನಿಗಳು ಎಂದು ಹೇಳಿಕೊಳ್ಳುವವರು ಫೋನಿನಲ್ಲಿ ಬೈದಾಡಿಕೊಳ್ಳುತ್ತಿದ್ದರು. ಫೋನಿನಲ್ಲಿ ಶುರುವಾದದ್ದು ಬೀದಿಗೆ ಬಂತು. ಪುನೀತ್ ಅವರ ಅಣ್ಣ ಶಿವರಾಜ್‌ಕುಮಾರ್ ಅವರೇ ಅದನ್ನು ಖಂಡಿಸಿದರು. ನಾನಾಗ ಏಳನೇ ಕ್ಲಾಸು. ಆ ವಿಡಿಯೋವನ್ನು ಕೇಕೆ ಹಾಕುವ ಹಾಡು ಸೇರಿಸಿ ಕಳಿಸಿದವರಲ್ಲಿ ನಾನೂ ಒಬ್ಬ. ಆಮೇಲೆ 2025ರ ಜುಲೈ ತಿಂಗಳಲ್ಲಿ ನಟಿ ರಮ್ಯಾ ಅವರು ತಮಗೆ ಅಸಹ್ಯ ಸಂದೇಶ ಕಳಿಸಿದ 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಪೊಲೀಸರು ಬಂದ ಮೇಲೆ ಕೈ ಮುಗಿಯುವುದು ಕೃತಜ್ಞತೆಯೂ ಅಲ್ಲ, ಪಶ್ಚಾತ್ತಾಪವೂ ಅಲ್ಲ, ಅದು ಬರೀ ಹೆದರಿಕೆ.

ಹಾಗಾದರೆ ಉಪಕಾರ ನೆನೆದು ಬರೆದರೆ ನಿಜವಾಗಿ ಸಿಟ್ಟು ಕಡಿಮೆ ಆಗುತ್ತದೆಯೇ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ವಿಜ್ಞಾನ ಮೇಡಂ ಹುಡುಕಿ ಕೊಟ್ಟದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕ್ಯುಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆ ತಮಗಾದ ಒಳ್ಳೆಯದನ್ನು ಬರೆಯಿತು, ಇನ್ನೊಂದು ಗುಂಪು ತೊಂದರೆಗಳನ್ನು ಬರೆಯಿತು. ಒಳ್ಳೆಯದನ್ನು ಬರೆದವರಿಗೆ ತಮ್ಮ ಜೀವನದ ಬಗ್ಗೆ ಹೆಚ್ಚು ಸಮಾಧಾನ ಇತ್ತು. 2008ರಲ್ಲಿ ಜೆಫ್ರಿ ಫ್ರೋ ಮತ್ತು ಸಂಗಡಿಗರು ಅದನ್ನೇ ನಮಗಿಂತ ಚಿಕ್ಕ ಮಕ್ಕಳಲ್ಲಿ, ಆರು ಮತ್ತು ಏಳನೇ ತರಗತಿಯ 221 ಮಕ್ಕಳಲ್ಲಿ ಎರಡು ವಾರ ನೋಡಿದರು. ಅಲ್ಲಿಯೂ ಬೇಸರ ಕಡಿಮೆ ಆಗಿ, ಶಾಲೆಯ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಾಯಿತಂತೆ.

ಸಿಟ್ಟಿನ ಬಗ್ಗೆಯೇ ನೋಡಿದವರು ನೇಥನ್ ಡಿವಾಲ್ ಮತ್ತು ಸಂಗಡಿಗರು, 2012ರಲ್ಲಿ. ಕೃತಜ್ಞತೆ ಹೆಚ್ಚು ಇರುವವರಲ್ಲಿ ಆಕ್ರಮಣ ಬುದ್ಧಿ ಕಡಿಮೆ, ಯಾಕೆಂದರೆ ಅವರಿಗೆ ಎದುರಿನವರ ನೋವು ತಿಳಿಯುತ್ತದೆ ಎಂದು ಅವರು ಕಂಡುಕೊಂಡರು. ಅವಮಾನ ಆದ ಮೇಲೂ, ಉಪಕಾರ ನೆನೆದು ಬರೆದಿದ್ದವರು ತಿರುಗಿ ತೊಂದರೆ ಕೊಡುವುದು ಕಡಿಮೆ ಇತ್ತಂತೆ. ಇದನ್ನು ಓದಿದಾಗ ನನ್ನ ವಾದ ಬಿದ್ದೇ ಹೋಯಿತು ಅನ್ನಿಸಿತು. ಅವಮಾನ ಆದವರಿಗೂ ಬರೆಯುವುದರಿಂದ ಒಳ್ಳೆಯದೇ ಆಯಿತಲ್ಲ ಅಂತ. ಆದರೆ ವಿಚಾರ ಮಾಡಿ ನೋಡಿದರೆ ಅದು ಬೇರೆ. ಅಲ್ಲಿ ಅವಮಾನ ಒಂದು ಕೋಣೆಯಲ್ಲಿ ಪರೀಕ್ಷೆಗೋಸ್ಕರ ಆದದ್ದು, ಆ ಹೊತ್ತಿಗೆ ಮುಗಿದದ್ದು. ನಿನ್ನನ್ನು ಬೈದವರಿಗೇ ಥ್ಯಾಂಕ್ಸ್ ಬರಿ ಅಂತ ಅವರಿಗೆ ಯಾರೂ ಹೇಳಲಿಲ್ಲ, ತರಗತಿಯ ಮುಂದೆ ನಿಲ್ಲಿಸಿ ಓದಿಸಲೂ ಇಲ್ಲ. ಇನ್ನೂ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. 2021ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು, ಇಂಥ ಅಭ್ಯಾಸಗಳಿಂದ ಖಿನ್ನತೆ ಮತ್ತು ಆತಂಕದ ಮೇಲೆ ಆಗುವ ಪರಿಣಾಮ ಸಣ್ಣದು ಎಂದಿದ್ದಾರೆ. ಅಂದರೆ ಐದು ಸಾಲು ಬರೆದ ಕೂಡಲೇ ಹುಡುಗರು ಬುದ್ಧರಾಗುತ್ತಾರೆ ಎಂದು ಯಾರೂ ತಿಳಿಯಬಾರದು. ಆರು ನಿಮಿಷದಲ್ಲಿ ಬರೆದ ನಮ್ಮ ಹಾಳೆಗಳೇ ಸಾಕ್ಷಿ.

ನಮ್ಮಲ್ಲಿ ಇದು ಹೊಸದೇನೂ ಅಲ್ಲ ಎನ್ನುವುದು ನನಗೆ ಕೋಗಳಿ ಬಸದಿಗೆ ಹೋದಾಗ ಅನ್ನಿಸಿತು. ಸಮಾಜ ಸರ್ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ನಮ್ಮ ಈ ಸೀಮೆಗೆ ಹಿಂದೆ ಕೋಗಳಿ-500 ಎಂದು ಹೆಸರಿತ್ತು. ಅಲ್ಲಿ ಹೊಯ್ಸಳ ರಾಮನಾಥನ ಕಾಲದ, ಅಂದರೆ 1276ರ ಸುಮಾರಿನ ಶಾಸನದಲ್ಲಿ ದೇವರ ನಿತ್ಯದ ಅಭಿಷೇಕಕ್ಕೆ ದಾನ ಕೊಟ್ಟ ಭಕ್ತರ ಹೆಸರುಗಳು ಇವೆ ಎಂದು ಸರ್ ಹೇಳಿದರು. ಸಮಸ್ತ ಭಕ್ತರಿಗೂ ಧನ್ಯವಾದ ಅಂತ ಒಂದು ಸಾಲು ಕೆತ್ತಿ ಕೈತೊಳೆದುಕೊಳ್ಳಲಿಲ್ಲ. ಕಲ್ಲು ಕಡೆಯುವುದು ಎಷ್ಟು ಕಷ್ಟ, ಆದರೂ ಹೆಸರು ಹಿಡಿದು ಬರೆದರು. ಅದಕ್ಕೇ ಏಳುನೂರು ವರ್ಷ ದಾಟಿದರೂ ಅವರು ಇದ್ದಾರೆ. ನಮ್ಮ ‘ತಂದೆತಾಯಿಗೆ, ಗುರುಗಳಿಗೆ, ಸೈನಿಕರಿಗೆ’ ಹಾಳೆ ಒಂದು ವಾರಕ್ಕೆ ಬೋಂಡಾ ಕಟ್ಟಲಿಕ್ಕೆ ಹೋಯಿತು. (ಶಾಸನಗಳ ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬಂಥ ಶಾಪ ಇರುವುದುಂಟು. ಬೈಗುಳದ ಕಮೆಂಟ್ ಆ ಕಾಲದಲ್ಲಿಯೂ ಇತ್ತು ಸರ್ ಅಂತ ಒಬ್ಬ ಅಂದ, ಸರ್ ಅವರೂ ನಕ್ಕರು.)

ಇನ್ನು ಬನ್ನಿ ಹಬ್ಬ. ವಿಜಯದಶಮಿ ಸಂಜೆ ಬನ್ನಿ ಮುಡಿದು ಬಂದು ಮನೆಮನೆಗೆ ಹೋಗಿ, ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತೇವಲ್ಲ, ಅದಕ್ಕಿಂತ ಚಲೋ ಅಭ್ಯಾಸ ಯಾವ ಪುಸ್ತಕದಲ್ಲಿ ಇದೆ? ಹೊಲದ ಬದುವಿನ ಸಲುವಾಗಿ ವರ್ಷವಿಡೀ ಮಾತು ಬಿಟ್ಟವರು ಅವತ್ತು ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುತ್ತಾರೆ. ನಮ್ಮ ಅಜ್ಜಿ ಹೇಳುತ್ತಾಳೆ, ಎಲಿ ಕೊಡಬೇಕಾದ್ರ ಮಕ ನೋಡಬೇಕಾಗ್ತೈತಿ, ಮಕ ನೋಡಿದ್ರ ಅರ್ಧ ಸಿಟ್ಟು ಹೋಗ್ತೈತಿ ಅಂತ. ಅಮೆರಿಕದವರು ಅಷ್ಟೆಲ್ಲ ಅಧ್ಯಯನ ಮಾಡಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆದರೆ 2025ರ ಬನ್ನಿಗೆ ನಾವು ಏನು ಮಾಡಿದೆವು? ಸ್ಟೇಟಸ್‌ಗೆ ಬಂಗಾರದ ಎಲೆಯ ಫೋಟೋ ಹಾಕಿ, ಅದನ್ನೇ ನೂರು ಜನಕ್ಕೆ ಫಾರ್ವರ್ಡ್ ಮಾಡಿ ಮುಗಿಸಿದೆವು. ಮಾತು ಬಿಟ್ಟವನ ನಂಬರಿಗೂ ಅದು ಹೋಯಿತು. ಅವನ ಮುಖ ನೋಡುವ ಪ್ರಸಂಗ ಬರಲೇ ಇಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟು. ಕೃತಜ್ಞತಾ ಪುಸ್ತಕ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಅಂಕ ಬೇಡ. ಅಂಕ ಇಟ್ಟರೆ ನಾವು ಗೈಡ್ ನೋಡಿ ಬರೆಯುತ್ತೇವೆ, ಬೇಕಾದರೆ ಕೃತಜ್ಞತೆಗೂ ಒಂದು ಗೈಡ್ ಬರುತ್ತದೆ. ದಿನಾ ಬೇಡ, ದಿನಾ ಮಾಡಿದರೆ ಹಾಜರಿ ಕೂಗಿದ ಹಾಗೆ ಆಗುತ್ತದೆ. ತಿಂಗಳಿಗೆ ಒಂದು ಸಂಭ್ರಮ ಶನಿವಾರ ಬ್ಯಾಗಿಲ್ಲದೆ ಬರುತ್ತೇವಲ್ಲ, ಅವತ್ತು ಸಾಕು. ಒಬ್ಬರ ಹೆಸರು, ಒಂದು ದಿನ, ಒಂದು ಕೆಲಸ. ಬರೆದದ್ದು ತರಗತಿಯ ಮುಂದೆ ಓದಲಿಕ್ಕಲ್ಲ, ಆ ಮನುಷ್ಯನ ಕೈಗೆ ಕೊಡಲಿಕ್ಕೆ. ಕೊಡಲಿಕ್ಕೆ ನಾಚಿಕೆ ಆದರೆ ಇಟ್ಟುಕೊಳ್ಳಲಿ, ಯಾರೂ ಕೇಳಬಾರದು. ಬಿಸಿಯೂಟದ ಅಕ್ಕನವರನ್ನೂ ಈ ಶಾಲೆಯವರು ಅಂತ ಲೆಕ್ಕ ಹಿಡಿಯಬೇಕು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನು ಯಾರಾದರೂ ಯಾರನ್ನಾದರೂ ಮೊಬೈಲಿನಲ್ಲಿ ನೋಯಿಸಿದರೆ, ಅವತ್ತು ಈ ಪುಸ್ತಕವನ್ನು ಮಧ್ಯಕ್ಕೆ ತರಲೇಬಾರದು. ಮೊದಲು ಹಾಕಿದ್ದನ್ನು ತೆಗೆಸಬೇಕು. ನೋವಾದವರನ್ನು ಕೂರಿಸಿ ಅವರ ಮಾತು ಕೇಳಬೇಕು, ಸಿಟ್ಟು ಬಂದಿದ್ದರೆ ಸಿಟ್ಟನ್ನೂ ಕೇಳಬೇಕು. ನೋಯಿಸಿದವರು ತಪ್ಪಾಯಿತು ಅನ್ನಬೇಕು. ಧನ್ಯವಾದ, ಗಿನ್ಯವಾದ ಎಲ್ಲ ಅದಾದ ಮೇಲೆ, ಅದೂ ನೋಯಿಸಿದವರು ಮಾತ್ರ. ಇನ್ನು ಹೆಣ್ಣುಮಕ್ಕಳ ಫೋಟೋ ಕೆಡಿಸಿ ಹಾಕುವುದು, ಹೆದರಿಸಿ ದುಡ್ಡು ಕೇಳುವುದು, ಇಂಥವುಗಳಿಗೆ ಪುಸ್ತಕ ಬರೆಸುವುದು ಸಾಲುವುದೇ ಇಲ್ಲ. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ, ಸೈಬರ್ ಅಪರಾಧಕ್ಕೆ 1930 ಇದೆ. ಎರಡೂ ನಂಬರನ್ನು ಈ ಹಾಳೆಯ ಅಂಚಿಗೆ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ಮನೆಯಲ್ಲಿ ಗೊತ್ತಾದರೆ ಬೈತಾರ ಅಂತ ಸುಮ್ಮನಿರಬೇಡಿ. ಯಾರಾದರೂ ಒಬ್ಬ ಮೇಡಂ ಹತ್ತಿರ ಆದರೂ ಹೇಳಿ.

ನನ್ನ ಕಥೆ ಏನಾಯಿತು ಅಂತ ಕೇಳುವವರಿದ್ದಾರೆ. ಸೈಕಲ್ಲಿನ ವಿಷಯ ಬರೆದ ಹಾಳೆಯನ್ನು ನಾನು ಕೂಡಲೇ ಕೊಡಲಿಲ್ಲ. ಬರೆದದ್ದೇನೋ ಬರೆದೆ, ಅದರಲ್ಲಿ ತಪ್ಪಾಯಿತು ಎಂಬ ಶಬ್ದವೇ ಇರಲಿಲ್ಲ. ಉಪಕಾರ ನೆನೆಯುವ ನೆಪದಲ್ಲಿ ತಪ್ಪು ಒಪ್ಪಿಕೊಳ್ಳುವುದನ್ನು ತಪ್ಪಿಸಿಕೊಂಡಿದ್ದೆ. ಎರಡು ದಿನ ಬಿಟ್ಟು ಮೇಲ್ಗಡೆ ಇನ್ನೊಂದು ಪ್ಯಾರಾ ಸೇರಿಸಿ ಬರೆದು ಅವನ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾ ತಮ್ಮಾ, ಬಾಳ ದಿನ ಆತಲ್ಲ ಬಂದು ಅಂದಳು. ಅವಳಿಗೆ ಯಾರು ಮಾಡಿದ್ದು ಅಂತ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಗೆ ಅಂದಳೋ, ನಾನು ಕೇಳಿಲ್ಲ. ಅವನು ಹೊರಗೆ ಬಂದು ಹಾಳೆ ತೆಗೆದುಕೊಂಡ. ನನ್ನ ಮುಂದೆ ಓದಲಿಲ್ಲ. ಮಡಿಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡ. ಮೊದಲಿನ ಹಾಗೆ ಒಂದೇ ಬೆಂಚಿನಲ್ಲಿ ನಾವು ಕೂರುವುದಿಲ್ಲ. ಮಾತು ಇದೆ, ಲೆಕ್ಕದ ನೋಟ್ಸ್ ಕೊಡುತ್ತಾನೆ, ಮೊನ್ನೆ ನನ್ನ ಸೈಕಲ್ ಚೈನ್ ಬಿದ್ದಾಗ ನಿಂತು ಹಾಕಿಕೊಟ್ಟ. ನನ್ನ ಹಾಳೆಗೆ ಅವನು ಉತ್ತರ ಕೊಟ್ಟಿಲ್ಲ. ಕೊಡಬೇಕು ಅಂತಲೂ ಇಲ್ಲ.

ಕೃತಜ್ಞತಾ ಪುಸ್ತಕ ಹೇಗಿರಬೇಕು ಎಂದು ಶಿಕ್ಷಕರು ಪರೀಕ್ಷೆಗೆ ಮುಂಚೆ ಒಂದು ಸಭೆ ಮಾಡುತ್ತಾರಂತೆ. ಅದಕ್ಕೆ ಎಂಟು, ಒಂಬತ್ತನೇ ತರಗತಿಯಿಂದ ಇಬ್ಬಿಬ್ಬರನ್ನು ಕರೆಯಬೇಕು ಎಂದು ಹೆಡ್‌ಮಾಸ್ಟರ್ ಅವರನ್ನು ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ನಾನು ಬರೆದದ್ದು ಒಪ್ಪಿಗೆ ಆಗದವರು ಪಕ್ಕದಲ್ಲಿ ಅಂಟಿಸಿರುವ ಖಾಲಿ ಹಾಳೆಯಲ್ಲಿ ಬರೆಯಿರಿ, ನಾನು ದಿನಾ ಬಂದು ಓದುತ್ತೇನೆ. ಪೆನ್ನನ್ನು ದಾರದಿಂದ ಕಟ್ಟಿದ್ದೇವೆ, ದಯವಿಟ್ಟು ಒಯ್ಯಬೇಡಿ.

ಇಂತಿ,
ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ